ಅರ್ಥದ ಬೋಲ್ಟು

ಮಹಾಲಿಂಗಪುರದ ಬೆಲ್ಲದ ಪ್ಯಾಟ್ಯಾಗ
ನನ್ನ ಹಳೇ ಪಿಕಪ್ ಅಂದ್ರ ಎಲ್ಲಾರಿಗೂ ಗೊತ್ತು.
ನಿಂತಲ್ಲೇ ನಲವತ್ತು ಓಡ್ತೈತಿ ಅಂತ ಹಮಾಲ್ರು ನಗ್ತಾರ.
ಸ್ಪೀಡಿನ ಮುಳ್ಳು ಅಲ್ಲೇ ಕುಂತು ಐದು ವರ್ಷಾತು.
ಕಾವಿನ ಮುಳ್ಳು
ಚಟ್ಟಿ ಅಮಾಸಿ ಚಳ್ಯಾಗೂ ಕೆಂಪು ಮುಟ್ಟಿ ಬರ್ತೈತಿ,
ಆಯಿಲಿಂದು ಹೌದು-ಅಲ್ಲ ಅಂತ ತಲಿ ಅಲ್ಲಾಡಸ್ತೈತಿ,
ಡೀಸೆಲ್ಲಿಂದು, ಅದರ ಮನಸಿಗೆ ಬಂದ್ಹಂಗ.

ನಾ ಮುಳ್ಳು ನೋಡೂದು ಬಿಟ್ಟೀನಿ.
ಬುಟ್ಟಿ ಹೆಣಿಯೂ ಬಿದಿರಿನ ಒಂದು ಸೀಳು
ಸೀಟಿನ ಹಿಂದ ಇರ್ತೈತಿ.
ಟಾಕ್ಯಾಗ ಅದ್ದಿ, ತೊಯ್ದಷ್ಟಕ್ಕ ಬೆರಳಿಟ್ಟು,
ಸಂಕೇಶ್ವರ ಮುಟ್ತೈತೋ ಇಲ್ಲೋ ಲೆಕ್ಕಾ ಹಾಕ್ತೀನಿ.

ಇವತ್ತು ಲಾಡ್ಸಾಬನ ಅಂಗಡಿಗೆ ತಂದಿದ್ದು
ಇದಕ್ಕಲ್ಲ, ಹಾರ್ನಿಗೆ.
ಅವ ಹಾರ್ನ್ ಕೇಳಲೇ ಇಲ್ಲ.
"ಮೊದ್ಲ ಇದರ ಮಾರಿ ಬಿಚ್ಚೂಣು ತಡೀರಿ" ಅಂದ.
ನಾಕು ಸ್ಕ್ರೂ ಇರಬೇಕಾದಲ್ಲಿ ಮೂರು.
ಡಬ್ಬಿ ಎಳದ್ರ
ಸತ್ತ ಇರುವಿ ಒಂದು ಹಿಡಿ, ಬೆಲ್ಲದ ಧೂಳು,
ಬೆಳಗಾವಿ ಆರ್‌ಟಿಓದ ಯಾವುದೋ ಕಾಲದ ಚೀಟಿ,
ಹರದ ಸ್ಪೀಡ್ ಕೇಬಲ್ಲು ಹಾವಿನ ಪರಿಯಂಗ.

"ಇದರ ರೋಗ ಬ್ಯಾರೆ" ಅಂತ ಕೇಬಲ್ಲು ಬದಿಗಿಟ್ಟ.
ಟಾಕಿ ಮ್ಯಾಲಿನ ವೈರು ಕಿತ್ತು ಬಾಡಿಗೆ ಮುಟ್ಟಿಸಿದ,
ಮುಳ್ಳು ಎದ್ದು ಫುಲ್ಲಿಗೆ ಹೋತು.
"ಮುಳ್ಳು ಜೀವಂತ ಐತಿ.
ಒಂದು ಮುಳ್ಳು ಸುಳ್ಳಾಡಿದ್ರ ಮುಳ್ಳಿನ ತಪ್ಪು,
ಮೂರೂ ಕೂಡಿ ಸುಳ್ಳಾಡಿದ್ರ
ಅವು ನಿಂತ ನೆಲಾನ ಸಡಲೈತಿ ಅಂತ ತಿಳೀರಿ.
ನಿಮ್ಮ ಗಾಡಿಗೆ ಅರ್ಥ ಸಿಗವಲ್ದು."
ಏಳನೇ ಇಯತ್ತೆಯಾಗ ನಮ್ಮ ಮಾಸ್ತರೂ
ನನಗ ಇದನ್ನ ಅಂತಿದ್ರು ಅಂದೆ. ನಕ್ಕಿವಿ.

"ಈಗ ಲೈಟ್ ಹಾಕ್ರಿ."
ಮಟಮಟ ಮಧ್ಯಾಹ್ನ ಲೈಟ್ ಹಾಕಿದೆ.
ಅರ್ಧದಾಗಿದ್ದ ಡೀಸೆಲ್ ಮುಳ್ಳು
ಕಾಲಿಗೆ ಬಂದು ಬಿತ್ತು.
"ಆರಸ್ರಿ." ಅರ್ಧ.
"ಹಾಕ್ರಿ." ಕಾಲು.
"ಆರಸ್ರಿ" ಅಂದ. ನನ್ನ ಕೈ ಏಳಲಿಲ್ಲ.

ಯಮನೂರಿ.
ನಾಕು ವರ್ಷದ ಹಿಂದ ಇದ ಗಾಡಿ ಹೊಡೀತಿದ್ದ.
ಪೆಂಟಿ ಇಳಿಸಿ ರಾತ್ರಿ ಹನ್ನೊಂದಕ್ಕ ಬಂದ.
ಲೈಟ್ ಹತ್ತೇ ಇತ್ತು, ನಾ ಕಿಡಕ್ಯಾಗ ಬಗ್ಗಿ ನೋಡಿದೆ.
ಪಂಪಿನ ಪಾವತಿ ಒಂದಂತೈತಿ, ಮುಳ್ಳು ಒಂದಂತೈತಿ.
ಕಾಲು ಟಾಕಿ ಯಾರ ಹೊಟ್ಟಿಗೆ ಹೋತಲೇ ಅಂದೆ.
"ಅಣ್ಣಾ, ಲೈಟ್ ಆರಿಸಿ ನೋಡ್ರಿ" ಅಂದ ಅವ.
ಕತ್ತಲಿ ಬೇಕಾಗೂದು ಕಳ್ಳಗ ಅಂದೆ ನಾನು,
ಹಮಾಲ್ರ ಮುಂದ, ದೊಡ್ಡ ದನಿಲೆ.
ಅವ ಕೀಲಿ ಬಾನೆಟ್ಟಿನ ಮ್ಯಾಲಿಟ್ಟ.
ಬಿಸಿ ಬಾನೆಟ್ಟು. ಮರುದಿನ ಮುಂಜಾನಿವರೆಗೂ
ನಾ ಅದನ್ನ ಎತ್ತಿರಲಿಲ್ಲ.

ಲಾಡ್ಸಾಬ ಡ್ಯಾಶಿನ ಹಿಂದ ತಲಿ ತೂರಿಸಿ
ಹತ್ತು ನಂಬರ್ ಪಾನಾ ಬೇಡಿದ.
ಒಂದು ಬೋಲ್ಟು. ತುಕ್ಕು, ತುಕ್ಕಿನ ಮ್ಯಾಲ ಬೆಲ್ಲ.
ಉಸಕಿನ ಕಾಗದಲೆ ತಿಕ್ಕಿದ, ಬೆಳ್ಳಗಾತು,
ಬಿಗಿದ. ಅರವತ್ತು ರೂಪಾಯಿ ಅಂದ.
ಲೈಟ್ ಹಾಕಿದೆ, ಆರಿಸಿದೆ, ಹಾಕಿದೆ:
ಮುಳ್ಳು ಮಿಸುಕಲಿಲ್ಲ.
ಸೀಳು ಅದ್ದಿ ನೋಡಿದೆ. ಅದೂ ಅಷ್ಟ ಅಂತು.
ಖುಷಿ ಆಗಬೇಕಿತ್ತು.

ಅವ ಈಗ ತೇರದಾಳದಾಗ
ಕಬ್ಬಿನ ಟ್ರ್ಯಾಕ್ಟರ್ ಹೊಡೀತಾನಂತ.
ಹೊತ್ತು ಮುಳುಗೂದರಾಗ ಆ ಹಾದಿ ಹಿಡದೀನಿ,
ಇನ್ನೂ ಬೆಳಕೈತಿ, ಆದ್ರೂ ಲೈಟ್ ಹಾಕೀನಿ,
ಮುಳ್ಳು ಅರ್ಧಕ್ಕ ಸರಿಯಾಗಿ ನಿಂತೈತಿ.
ರಬಕವಿ ದಾಟಿದ ಮ್ಯಾಲ ನೆಪ್ಪಾತು:
ಹಾರ್ನ್ ಆಗಲೇ ಇಲ್ಲ.
ಅವನ ಬಾಗಲದಾಗ ಗಾಡಿ ನಿಂದರಿಸಿ
ಇಳೀಬೇಕು,
ಬಾಯಿಲೆ ಅವನ ಹೆಸರು ಕರೀಬೇಕು.