ತುಂಬುವ ಬಾಯಿ ಮೊದಲು

ಬಸಿಯುವ ಬಿರಡೆಗೆ ಈಗಲೇ ಕೈ ಹಾಕಬೇಡ ಪೆದ್ರು,
ಮೊದಲು ತುಂಬುವ ಬಾಯಿ ಬಿಚ್ಚು.
ಇದ್ದದ್ದನ್ನೆಲ್ಲ ನೆಲಕ್ಕೆ ಚೆಲ್ಲಿ,
ಮೇಲಿನದು ತುಕ್ಕು ಹಿಡಿದು ಕೂತದ್ದು ಆಮೇಲೆ ಗೊತ್ತಾದರೆ
ಗಾಡಿಯೂ ಇಲ್ಲೇ, ನಾವೂ ಇಲ್ಲೇ.
ಒಮ್ಮೆ ಹಾಗೆ ಮಾಡಿದ್ದೇನೆ. ದಿಬ್ಬಣ ಹೊರಟ ಗಾಡಿ.
ಕೇಳಬೇಡ.

ದಿವಗಿ ಸೇತುವೆಯ ತನಕ ಓಡಿಸಿ ತಂದದ್ದು ಸುಮ್ಮನೆ ಅಲ್ಲ.
ತಣ್ಣಗಿನ ಎಣ್ಣೆ ಮೈಗಳ್ಳ,
ಅರ್ಧ ಕಸ ಒಳಗೇ ಬಿಟ್ಟು ಬರುತ್ತದೆ.
ನಾಲ್ಕೂ ಗಾಲಿಗೆ ಹಲಸಿನ ಕೊರಡು ಕೊಟ್ಟು ಸಮ ಮಾಡು.
ಮಟ್ಟಗೋಲು ಯಾಕೆ? ಆ ಚಹದ ಲೋಟ ಡಾಲಾದ ಮೇಲಿಡು,
ಯಾವ ಕಡೆ ವಾಲುತ್ತದೆ ನೋಡು.

ಜಟ್ಟಿ ಅಂಬಿಗನ ಟೆಂಪೋ ಇದು.
ಬೆಳಗಿನ ಮೂರಕ್ಕೆ ತದಡಿಯಲ್ಲಿ ಬಂಗಡೆ ಹೇರಿ
ದೇವಿಮನೆ ಘಟ್ಟ ಹತ್ತಿ
ಶಿರಸಿ ಪೇಟೆ ಕಣ್ಣುಜ್ಜುವ ಮೊದಲು
ಐಸಿನ ನೀರು ಸುರಿಸುತ್ತ ನಿಂತಿರುತ್ತದೆ.
ಎರಡನೇ ಗೇರು ಬೀಳುವುದಿಲ್ಲ, ಕರ್ರ್ ಅಂತದೆ,
ಬೇರೆ ಎಂತದೂ ಇಲ್ಲ ಮಾರಾಯ, ಅಂದ.
ಅಗೋ, ನೆರಳಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಾನೆ.

ಈಗ ಕೆಳಗಿನದು. ನಿಧಾನ.
ಕೊನೆಯ ಸುತ್ತಿಗೆ ಒಳಕ್ಕೆ ಒತ್ತಿ ಹಿಡಿದು
ಒಮ್ಮೆಗೇ ಕೈ ಎಳೆ.
ತಡವಾದರೆ ಮೊಣಕೈ ತನಕ ಇಳಿಯುತ್ತದೆ,
ಮೂರು ದಿನ ಗಂಜಿಯಲ್ಲೂ ಗಂಧಕ.

ಬಂತು.

ಬಿರಡೆಯ ಮೂತಿಯ ಅಯಸ್ಕಾಂತಕ್ಕೆ ಮೀಸೆ ಬಂದಿದೆ,
ಉಕ್ಕಿನ ಪುಡಿ. ಅದು ವಯಸ್ಸು. ಒರೆಸು.
ಹಿತ್ತಾಳೆ ಮಾತ್ರ ಅಯಸ್ಕಾಂತದ ಮಾತು ಕೇಳುವುದಿಲ್ಲ,
ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದೇ ನೋಡಬೇಕು.
ಅಕ್ಕಸಾಲಿಯ ಮಣೆಯ ಧೂಳಿನ ಹಾಗೆ ಹೊಳೆಯುತ್ತದಲ್ಲ,
ಕ್ಲಚ್ಚು ಪೂರ್ತಿ ತುಳಿಯದೆ
ಘಟ್ಟದ ಒಂದೊಂದು ತಿರುವಿನಲ್ಲಿ ಅಂವ ನೂಕಿದ ಎರಡನೇ ಗೇರು
ಉಂಗುರ ತೇಯ್ದು ತೇಯ್ದು ಇಲ್ಲಿಗಿಳಿದಿದೆ.

ಆದರೆ ಬಣ್ಣ?
ಕಪ್ಪಿರಬೇಕಿತ್ತು. ಇದು ಹಾಲು ಹಾಕಿದ ಚಹ.

ಐಸಿನ ನೀರು ಇಷ್ಟು ಒಳಗೆ ಬರುವುದಿಲ್ಲ,
ಮಳೆ ಹೋಗಿ ನಾಲ್ಕು ತಿಂಗಳಾಯಿತು.
ಹೊಟ್ಟೆಮಟ್ಟದ ನೀರಲ್ಲಿ ನಿಂತ ಗಾಡಿ, ಅದೂ ತಾಸುಗಟ್ಟಲೆ.
ಅಡಿಯ ಸಂದಿನಲ್ಲಿ ಪೆದ್ರುವಿನ ಬೆರಳಿಗೆ
ಒಂದು ಮುಷ್ಟಿ ಮರಳು, ಒಂದು ಬಳಚಿನ ಚಿಪ್ಪು ಸಿಕ್ಕಿತು.
ಅವನು ನನ್ನ ಮುಖ ನೋಡಿದ.

ಇಳಿತಕ್ಕೆ ಅಘನಾಶಿನಿಗೆ ಇಳಿಯುವ ಗಾಡಿಗಳು
ದೀಪ ಆರಿಸಿ ಮರಳು ತುಂಬಿಕೊಂಡು
ಭರತಿ ಬರುವ ಮೊದಲು ದಡ ಹತ್ತಬೇಕು.
ಒಂದು ರಾತ್ರಿ ಒಂದು ಗಾಡಿ ಹತ್ತಲಿಲ್ಲವೆಂದು
ಮಿರ್ಜಾನಿನ ಚಹದಂಗಡಿಯಲ್ಲಿ ಕೇಳಿದ್ದೆ.
ಯಾರೂ ಹೆಸರು ಹೇಳಿರಲಿಲ್ಲ.

‘ಎಂತಾ ಕೆರಿಯಣ್ಣ, ಎಣ್ಣೆ ಹೆಂಗದೆ?’
ಜಟ್ಟಿ, ಕೂತಲ್ಲಿಂದಲೇ.
‘ಹಳತಾಗದೆ,’ ಅಂದೆ.

ತೆಳು ಎಣ್ಣೆ ಹೊಯ್ದು, ಹಿಂದಿನ ಗಾಲಿ ಎತ್ತಿ,
ಎಲ್ಲಿಗೂ ಹೋಗದ ಗಾಡಿಯನ್ನು ಐದು ಮಿನಿಟು ಓಡಿಸಿದೆ.
ಒಂದು, ಎರಡು, ಮೂರು, ಮತ್ತೆ ಎರಡು.
ಬಸಿದರೆ ಇನ್ನೂ ಚಹ.
ಮತ್ತೆ ಹೊಯ್ದು ಬಸಿದರೆ ಗಂಜಿಯ ತಿಳಿ.
ಮೂರನೇ ಸಲ ಯಾಕೆ, ದುಡ್ಡು ಯಾರು ಕೊಡುತ್ತಾರೆ, ಅಂದ ಪೆದ್ರು.
ಹೊಯ್ಯಿ, ಅಂದೆ.
ಉಪ್ಪಿಗೆ ನಮ್ಮ ಲೆಕ್ಕ ತಿಳಿಯುವುದಿಲ್ಲ.

ಕೊನೆಗೆ ಹೊಸ ತಾಮ್ರದ ವಾಶರು.
ಎಂಬತ್ತು-ತೊಂಬತ್ತರ ಎಣ್ಣೆ, ಕೋಲುಜೇನಿನ ಬಣ್ಣದ್ದು,
ತುಂಬುವ ಬಾಯಿಂದ ತಾನೇ ತುಳುಕುವ ತನಕ.
ಸಾಕು ಅನ್ನುವುದು ಅದರ ಕೆಲಸ, ನಮ್ಮದಲ್ಲ.

ಕ್ರಾಸಿನ ತನಕ ಹೋಗಿ ಬಂದ ಜಟ್ಟಿ.
ಎರಡನೆಯದು ಬೆಣ್ಣೆಯಲ್ಲಿ ಬೆರಳಿಟ್ಟಂತೆ, ಅಂದ. ದುಡ್ಡು ಎಣಿಸಿದ.
ಹೊರಟವ ಮತ್ತೆ ತಿರುಗಿ,
ಹಳೆ ಎಣ್ಣೆ ಇತ್ಲಾಗೆ ಕೊಡು, ದೋಣಿಗೆ ಬಳಿಯಲಿಕ್ಕೆ ಬೇಕು, ಅಂದ.

ನೀರು ಕೂಡಿದ ಎಣ್ಣೆ ಮರ ಹಿಡಿಯುವುದಿಲ್ಲವೆಂದು
ಅಂಬಿಗನಿಗೆ ನಾನು ಹೇಳಬೇಕೆ?
ಮೂರೂ ಸಲದ್ದನ್ನು ಒಂದೇ ಡಬ್ಬಿಗೆ ಸುರಿದು
ಮುಚ್ಚಳ ಬಿಗಿದು ಕೊಟ್ಟೆ.

ಚಿಪ್ಪು ಪೆದ್ರುವಿನ ಕಿಸೆಯಲ್ಲೇ ಉಳಿಯಿತು.