ಕಾಗದವೊಂದನ್ನು ಒಳಗಿಡಲು ಕೋರಿ

ಮಾನ್ಯ ಮಂಡಳಿಯವರೇ,
ಹರಿದು ಹಾಕಿ ಎಂದು ಕೇಳುತ್ತಿಲ್ಲ.
ನನ್ನ ಕಡತದ ಹೊರಖಾನೆಯಲ್ಲಿರುವ ಒಂದು ಹಾಳೆಯನ್ನು
ಒಳಖಾನೆಗೆ ಸರಿಸಿ, ಅಷ್ಟೇ.
ಹೊರಗಿನದನ್ನು ಬಡ್ತಿಯ ಸಮಿತಿ ಓದುತ್ತದೆ.
ಒಳಗಿನದನ್ನು ಬೀಗದ ಕೈ ಇದ್ದವರು,
ಅದೂ ಬೇಕೆನಿಸಿದಾಗ.

ವಕೀಲ, ಕ್ಯಾಪ್ಟನ್ ಹಾಲ್ವರ್ಸನ್,
ನಮೂನೆಯ ಸಾಲೊಂದರ ಮೇಲೆ ಪೆನ್ನು ಊರಿದ:
'ಸದರಿ ಪತ್ರವು ತನ್ನ ಉದ್ದೇಶವನ್ನು ಪೂರೈಸಿದೆ.'
ಇದನ್ನು ನೀವು ರುಜುವಾತು ಮಾಡಬೇಕು, ಸಾರ್ಜೆಂಟ್.
ಕೆಲಸ ಮುಗಿಯಿತೇ ಎಂದು
ಕಾಗದವನ್ನೇ ಕೇಳಲಾದೀತೇ?

ನಡೆದದ್ದು ಇಷ್ಟು.
ಕಾನ್ಸಸ್ಸಿನ ಬಯಲು, ಜನವರಿ, ಶುಕ್ರವಾರ ಸಂಜೆ ನಾಲ್ಕೂವರೆ.
ಉಗ್ರಾಣದ ತಗಡನ್ನು ಗಾಳಿ ಬಡಿಯುತ್ತಿತ್ತು.
ಕತ್ತಲಲ್ಲಿ ಕಾಣಿಸುವ ಕನ್ನಡಕ, ಪಟ್ಟಿಯಲ್ಲಿ ನಲವತ್ತೆರಡು.
ಮಗಳಿಗೆ ಜ್ವರವೆಂದು ಡೇಕೇರಿನಿಂದ ಎರಡು ಸಲ ಫೋನು.
ಪೆಟ್ಟಿಗೆಗಳನ್ನು ನೋಡಿದೆ, ಮುಚ್ಚಳ ತೆಗೆಯಲಿಲ್ಲ.
ನಲವತ್ತೆರಡು ಎಂದು ಬರೆದು ಸಹಿ ಹಾಕಿದೆ:
ಮಾರ್ಲಾ ಜೆ. ಥಿಬೊಡೋ, ಸ್ಟಾಫ್ ಸಾರ್ಜೆಂಟ್.
ಜ್ವರದ ಮಾತು ಅರ್ಜಿಯಲ್ಲಿ ಬೇಡವೆಂದ ವಕೀಲ.
ನೆಪದಂತೆ ಕೇಳುತ್ತದಂತೆ.
ನೆಪವೇ ಇರಬಹುದು.

ಇದ್ದದ್ದು ನಲವತ್ತೊಂದು.
ಗೇಟು ಮುಚ್ಚಿದರು. ಯಾರೂ ಮನೆಗೆ ಹೋಗುವಂತಿಲ್ಲ.
ಎರಡು ರಾತ್ರಿ, ಮುನ್ನೂರು ಮಂದಿ,
ತೋಳಿಗೆ ತೋಳು ತಾಗಿಸಿ ಸಾಲಾಗಿ
ಹೆಪ್ಪುಗಟ್ಟಿದ ಹುಲ್ಲನ್ನು ಬಾಚಿದರು.
ಓಕೆಂಡೆನ್ ಎಂಬ ಹುಡುಗನಿಗೆ
ತಂಗಿಯ ಮದುವೆ ತಪ್ಪಿತು, ಒಹಾಯೋದಲ್ಲಿ.
ಅವನು ಏನೂ ಅನ್ನಲಿಲ್ಲ. ನನ್ನ ಮುಂದೆಯೇ
ಟಾರ್ಚಿನ ಬ್ಯಾಟರಿ ಬದಲಿಸಿಕೊಂಡು ಹೋದ.

ಹನ್ನೊಂದನೆಯ ದಿನ ಸಿಕ್ಕಿತು,
ಡೇರೆಯ ಗೂಟಗಳ ಪೆಟ್ಟಿಗೆಯಲ್ಲಿ.
ಕಳೆದಿರಲಿಲ್ಲ. ಇರಬಾರದ ಕಡೆ ಇತ್ತು.
ಆದರೂ ಜನರಲ್ಲರ ವಾಗ್ದಂಡನೆ ಬಂತು,
ಮೂರು ಪ್ಯಾರಾ, ನೀಲಿ ಶಾಯಿಯ ಸಹಿ.
ತಪ್ಪೇನಿರಲಿಲ್ಲ ಅವರದು:
ಕನ್ನಡಕ ಸಿಕ್ಕಿತೆಂದು
ನನ್ನ ಸುಳ್ಳು ನಿಜವಾಗುವುದಿಲ್ಲ.

ಐದು ವರ್ಷ. ಬಡ್ತಿಯ ಪಟ್ಟಿ ಮೂರು ಸಲ ಬಂತು, ಹೋಯಿತು.
ದಾಸ್ತಾನು ಬರೆಯಲು ನಾನೇ ಕಲಿಸಿದ ಹುಡುಗ
ಈಗ ನನ್ನ ದಾಸ್ತಾನಿಗೆ ಮೇಲುಸಹಿ ಹಾಕುತ್ತಾನೆ.
ಅಂಕಪಟ್ಟಿ, ಪ್ರಶಂಸೆ, ಕೊರಿಯಾದ ಒಂದು ವರ್ಷ,
ಎಲ್ಲ ಲಗತ್ತಿಸಿದ್ದೇನೆ.
ಲಗತ್ತಿಸಲಾಗದ್ದು:
ಅಂಗಡಿಯಲ್ಲಿ ಮೊಟ್ಟೆಯ ಡಬ್ಬಿ ತೆರೆದು ಹನ್ನೆರಡೂ ಮುಟ್ಟುತ್ತೇನೆ.
ಮೆಟ್ಟಿಲು ಎಣಿಸುತ್ತೇನೆ, ಹತ್ತುವಾಗಲೂ, ಇಳಿಯುವಾಗಲೂ,
ಎರಡೂ ಒಂದೇ ಎಂದು ಗೊತ್ತಿದ್ದೂ.
ಮಗಳು ಬಾಯಿ ತೆರೆದು ತೋರಿಸುತ್ತಾಳೆ:
ಹಲ್ಲನ್ನೂ ಎಣಿಸಿಬಿಡಮ್ಮ, ಒಂದು ಬಿದ್ದಿದೆ.
ಹಿಂದುಮುಂದು ಎಣಿಸದೆ ಸಹಿ ಮಾಡಿದವಳಿಗೆ
ಈಗ ಎಣಿಸದೆ ನಿದ್ದೆಯಿಲ್ಲ.

'ಪೂರೈಸುತ್ತಲೇ ಇದೆ' ಎಂದು ಬರೆಯಲೇ, ಎಂದೆ.
ವಕೀಲ ತಲೆಯಾಡಿಸಿದ:
ಬೇಡ. ಮುಗಿಯದ ಕ್ರಿಯಾಪದಕ್ಕೆ
ಯಾರೂ ಬಡ್ತಿ ಕೊಡುವುದಿಲ್ಲ.
ಆದ್ದರಿಂದ, ಮಾನ್ಯರೇ, ಪೂರೈಸಿದೆ.

ಓಕೆಂಡೆನ್ ಕೂಡ ಒಂದು ಪತ್ರ ಕಳಿಸಿದ್ದಾನೆ, ಕೇಳದೆಯೇ.
'ತಂಗಿಯ ಮದುವೆ ನನಗೆ ತಪ್ಪಿತು.
ಆ ಮದುವೆ ಉಳಿಯಲಿಲ್ಲ, ಇರಲಿ.
ಥಿಬೊಡೋ ಎಣಿಸಿದ್ದಾರೆ ಎಂದರೆ
ನಾನು ಮತ್ತೆ ಎಣಿಸಲು ಹೋಗುವುದಿಲ್ಲ.'
ಓದಿ, ಬಹಳ ಹೊತ್ತು ಕೂತಿದ್ದು,
ಅವನಿಗೆ ಫೋನು ಮಾಡಿದೆ.
ಎಣಿಸು ಮಾರಾಯಾ, ಎಂದೆ. ಯಾರೇ ಎಣಿಸಿರಲಿ.

ಲಗತ್ತು: ಹದಿನಾಲ್ಕು ಹಾಳೆ.
ಎರಡು ಸಲ ನೋಡಿದ್ದೇನೆ.
ದಯವಿಟ್ಟು ನೀವೂ ಒಮ್ಮೆ.