ಬತ್ತಿಯಂಗಡಿಯ ಲೆಕ್ಕ

ಮೊದಲ ದಿನ ಬಂದಾಗ ಕೈಯಲ್ಲಿ ಕಾಸಿರಲಿಲ್ಲ.
"ಒಂದು ಬತ್ತಿ ಕೊಡು, ಬಿಳಿಯದು. ನಾಳೆ ಇನ್ನೊಂದು."
ಕಂಬಳಿ ನೇಯುವ ಪಸ್ಕುವಾಲಾ ಚಂಚವಾಕ್;
ಒದ್ದೆ ಉಣ್ಣೆಯ ವಾಸನೆ ಅವಳಿಗಿಂತ ಮೊದಲೇ ಮೆಟ್ಟಿಲೇರುತ್ತಿತ್ತು.
ಅಂದು ಎಂಟು ಬಾತ್ಸ್, ನೂಲಿನ ದಿನ.
ಊರಿಗೂರೇ ಪಾಕ್ಲೊಮ್ ದಿಬ್ಬದಲ್ಲಿ
ಧೂಪದ ಹೊಗೆಗೆ ಕೆಮ್ಮುತ್ತಿತ್ತು.
ಆ ಗದ್ದಲದಲ್ಲಿ ವಾದಿಸುವವರು ಯಾರು? ಕೊಟ್ಟೆ.

ಮರುದಿನ ಬಂದಳು. ಒಂಬತ್ತು ಎ, ದಾರಿಯ ದಿನ.
ಅದರ ಮರುದಿನವೂ.
ಯಾಕೆಂದು ನಾನು ಕೇಳಿದ್ದು ತುಂಬ ತಡವಾಗಿ.

ತಮ್ಮ ದೊರೊತೆಯೊನನ್ನು ಸೈನಿಕರು ಎಳೆದೊಯ್ದಾಗ
ಮೆಕ್ಕೆಜೋಳ ಮೊಣಕಾಲೆತ್ತರ. ಅಷ್ಟೇ ಗೊತ್ತು.
ಮೂವತ್ತು ವರ್ಷ ಕಳೆದು ಮೂಳೆ ಬಂದವು
ರಟ್ಟಿನ ಪೆಟ್ಟಿಗೆಯಲ್ಲಿ, ಮೇಲೊಂದು ನಂಬರು.
ಪಕ್ಕೆಲುಬು ನೋಡಿ ಗುಂಡು ಹೊಕ್ಕ ಕಡೆ ಹೇಳಿದರು,
ಹಲ್ಲು ನೋಡಿ ವಯಸ್ಸು ಹೇಳಿದರು;
ಸತ್ತ ದಿನವನ್ನು ಮಾತ್ರ ಮೂಳೆ ಬರೆದಿಟ್ಟುಕೊಳ್ಳುವುದಿಲ್ಲವಂತೆ.

ದಿನ ತಿಳಿಯದೆ ಯಾವ ದಿನದ ಒಡೆಯನನ್ನು ಕೂಗುವುದು?
ದಿನ ಎಣಿಸುವ ಮುದುಕ ಕೆಂಪು ಬೀಜ ಹರವಿದ,
ನಾಲ್ಕು ನಾಲ್ಕು ಗುಡ್ಡೆ ಮಾಡಿದ,
ತೊಡೆಯ ರಕ್ತದಲ್ಲಿ ಮಿಂಚು ಹೊಳೆಯುವುದೋ ಎಂದು ಕಾದ.
ಹೊಳೆಯಲಿಲ್ಲ.
"ಹಾಗಾದರೆ ಎಲ್ಲ ದಿನಕ್ಕೂ ಹಚ್ಚು" ಅಂದನಂತೆ, ಬೀಜ ಚೀಲಕ್ಕೆ ತುಂಬುತ್ತ.
"ಇನ್ನೂರ ಅರವತ್ತರಲ್ಲಿ ಒಂದು ಅವನದೇ."
"ಮಿಕ್ಕವು?"
"ಕೇಳುವವರಿಲ್ಲದವರವು."

ನನ್ನಜ್ಜನಿಗೆ ಈ ಎಣಿಕೆ ಬಾಯಿಪಾಠ. ನನಗೆ
ಔಷಧಿ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು ಸಾಕಾಗಿತ್ತು.
ಅವಳು ಬತ್ತಿ ಎತ್ತಿಕೊಂಡು ಕಟ್ಟೆಯ ಮೇಲೆ
ದಿನದ ಹೆಸರು ಇಟ್ಟು ಹೋಗುವಳು, ಚಿಲ್ಲರೆ ಇಟ್ಟ ಹಾಗೆ:
ಹತ್ತು ಕಮೆ, ಸಾವು.
ಹನ್ನೊಂದು ಕೇಹ್, ಜಿಂಕೆ.
ಹನ್ನೆರಡು ಕಾನಿಲ್, ಬಿತ್ತುವ ಕಾಳು.
ಸಾವಿನಿಂದ ಕಾಳಿಗೆ ಎರಡೇ ಹೆಜ್ಜೆ,
ನಡುವೆ ಒಂದು ಜಿಂಕೆ ಹಾಯಬೇಕು, ಅಷ್ಟೆ.
"ಇದು ಬಸುರಿನ ಲೆಕ್ಕ ಮಾರಾಯ," ಅನ್ನುವಳು,
"ನಿನ್ನ ಗೋಡೆಯ ವರ್ಷ ಯಾರ ಹೊಟ್ಟೆಯ ಅಳತೆ?"

ಆರು ತೋಹ್. ಬಾಕಿ ತೀರಿಸುವ ದಿನ.
ಸೊಂಟದ ಪಟ್ಟಿ ಸಡಿಲಿಸಿ ನಾಣ್ಯ ಸುರಿದಳು,
ಬತ್ತಿಗೊಂದು ಕೆತ್ಸಾಲ್, ಇನ್ನೂರ ಐವತ್ತೊಂಬತ್ತು.
ನನ್ನ ಪುಸ್ತಕದಲ್ಲಿ ಇನ್ನೂರ ಐವತ್ತೇಳು.
"ಎರಡು ದಿನ ನಿನಗೆ ಜ್ವರ. ಮಗಳು ಕೊಟ್ಟಳು, ಬರೆಯಲಿಲ್ಲ."
ಒಳಗೆ ಷೆಪಾ ನಾಲಿಗೆ ಕಚ್ಚಿಕೊಂಡಳು.

ಏಳು ತ್ಸಿ, ನಾಯಿಯ ದಿನ.
ಕೊನೆಯ ಬತ್ತಿ. ಕೈಗೆ ಕೈ ಕಾಸು.

ನಿನ್ನೆ ಮತ್ತೆ ಎಂಟು ಬಾತ್ಸ್. ಮತ್ತೆ ಹೊಗೆ, ಮತ್ತೆ ಕೆಮ್ಮು.
ಸಾವಿರ ಬತ್ತಿ ಮಾರಿದೆ.
ಉಣ್ಣೆಯ ವಾಸನೆ ಮೆಟ್ಟಿಲೇರಲಿಲ್ಲ.

ಇವತ್ತು ಬೀದಿ ಖಾಲಿ.
ಕೈ ತಾನಾಗಿ ಒಂದು ಬಿಳಿ ಬತ್ತಿಯನ್ನು
ಹಳೇ ಪೇಪರಿನಲ್ಲಿ ಸುತ್ತಿಟ್ಟಿದೆ.
ಶಾಲೆಗೆ ಹೊರಟ ಹುಡುಗನನ್ನು ತಡೆದು ಕೇಳಿದೆ:
ಇವತ್ತು ಯಾವ ದಿನ?
"ಮಂಗಳವಾರ."
ಅದಲ್ಲ ಮಗಾ. ಅದರ ಹೆಸರು.
ಅವನು ನನ್ನನ್ನು ನೋಡಿದ, ಗೋಡೆಯ ಕ್ಯಾಲೆಂಡರು ನೋಡಿದ,
ದಾರಿ ಹಿಡಿದು ಓಡಿದ.